ಇಂಧನಕ್ಕಿಂತ ಪಾತ್ರೆಯೇ ಭಾರ

(ಪರಿಸರ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



'ನೀರಿನಿಂದ ಹಾರುವ ವಿಮಾನ' ಎಂಬಂಥ ತಲೆಬರಹಗಳು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ವಿಮಾನವು ನೀರಿನಿಂದ ಹಾರುವುದಿಲ್ಲ. ನೀರಿಗೆ ವಿದ್ಯುತ್ ಹಾಯಿಸಿ ಅದನ್ನು ಒಡೆದಾಗ ದೊರೆಯುವ ಜಲಜನಕದಿಂದ, ಅಂದರೆ ಹೈಡ್ರೋಜನ್ ಅನಿಲದಿಂದ, ಅದನ್ನು ಹಾರಿಸಲು ಸಾಧ್ಯವಿದೆ. ಜಲಜನಕವು ಉರಿದಾಗ ಮತ್ತೆ ನೀರೇ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್ ಹುಟ್ಟುವುದಿಲ್ಲ. ಎಂಜಿನ್ನಿನ ಬಿಸಿ ಗಾಳಿಯಲ್ಲಿ ಉರಿಸಿದರೆ ಸಾರಜನಕದ ಆಕ್ಸೈಡುಗಳು ಉಂಟಾಗುತ್ತವೆ. ಉರಿಸದೆ ಇಂಧನಕೋಶದ ಮೂಲಕ ವಿದ್ಯುತ್ತಾಗಿ ಪರಿವರ್ತಿಸಿದರೆ ಅವೂ ಇರುವುದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ವಿಮಾನಯಾನದ ಪಾಲು ಸುಮಾರು ಶೇಕಡಾ 2.5. ಆದ್ದರಿಂದ ಈ ಮಾತಿಗೆ ಆಕರ್ಷಣೆ ಇರುವುದು ಸಹಜ. ಆದರೆ ಪತ್ರಿಕೆಗಳು ಎಂಜಿನ್ನಿನ ವಿಷಯ ಬರೆಯುತ್ತವೆಯೇ ಹೊರತು ಪಾತ್ರೆಯ ವಿಷಯ ಬರೆಯುವುದು ಅಪರೂಪ. ಜಲಜನಕದಿಂದ ಎಂಜಿನ್ ಓಡಿಸುವ ವಿದ್ಯೆ ಎಪ್ಪತ್ತು ವರ್ಷ ಹಳೆಯದು. ಜಲಜನಕವನ್ನು ಆಕಾಶದಲ್ಲಿ ಹೊತ್ತೊಯ್ಯುವುದಕ್ಕೆ ತಕ್ಕ ಪಾತ್ರೆಯೊಂದು ಇನ್ನೂ ಪೂರ್ಣವಾಗಿ ಸಿದ್ಧಿಸಿಲ್ಲ. ಇಂದು ನಾನು ಆ ಪಾತ್ರೆಯ ಕುರಿತು ಮಾತನಾಡಬಯಸುತ್ತೇನೆ.

ತೂಕದ ಲೆಕ್ಕದಲ್ಲಿ ಜಲಜನಕಕ್ಕೆ ಸಮನಾದ ಇಂಧನವಿಲ್ಲ. ಒಂದು ಕಿಲೋ ಜಲಜನಕದಲ್ಲಿ 120 ಮೆಗಾಜೂಲ್ ಶಕ್ತಿ ಇದೆ. ವಿಮಾನಕ್ಕೆ ಬಳಸುವ ಶುದ್ಧೀಕರಿಸಿದ ಸೀಮೆಎಣ್ಣೆಯಲ್ಲಿ ಸುಮಾರು 43. ಒಂದು ಕಿಲೋ ಜಲಜನಕವು ಮೂರೂವರೆ ಲೀಟರ್ ಸೀಮೆಎಣ್ಣೆಯ ಕೆಲಸ ಮಾಡುತ್ತದೆ ಎಂದು ಇಟ್ಟುಕೊಳ್ಳಿ. ಆದರೆ ಆ ಒಂದು ಕಿಲೋ ಅನಿಲವು ನಮ್ಮ ಸುತ್ತಲಿನ ಸಾಮಾನ್ಯ ಉಷ್ಣತೆ ಮತ್ತು ಒತ್ತಡದಲ್ಲಿ ಸುಮಾರು 12,000 ಲೀಟರ್ ಜಾಗವನ್ನು ಬೇಡುತ್ತದೆ. 200 ಲೀಟರಿನ ಡ್ರಮ್ಮುಗಳಲ್ಲಿ ತುಂಬಿಸಹೊರಟರೆ ಅರುವತ್ತು ಡ್ರಮ್ ಬೇಕು. ಮೂರೂವರೆ ಲೀಟರಿನ ಕ್ಯಾನಿಗೆ ಬದಲು ಅರುವತ್ತು ಡ್ರಮ್. ಸಮಸ್ಯೆಯೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ಅಡುಗೆ ಅನಿಲದ ಸಿಲಿಂಡರನ್ನು ಕಂಡ ಯಾರಿಗಾದರೂ ಇಲ್ಲಿ ಒಂದು ಪ್ರಶ್ನೆ ಏಳಬೇಕು. ಅದೂ ಅನಿಲವೇ ಅಲ್ಲವೇ? ಅದನ್ನು ಒತ್ತಿ ದ್ರವ ಮಾಡಿ 14.2 ಕಿಲೋ ತುಂಬಿ ಮನೆಗೆ ತರುತ್ತಾರಲ್ಲ, ಜಲಜನಕವನ್ನೂ ಹಾಗೆಯೇ ಮಾಡಬಾರದೇಕೆ? ಅಡುಗೆ ಅನಿಲದ ಗುಣ ಬೇರೆ. ಅದು ಸಾಧಾರಣ ಉಷ್ಣತೆಯಲ್ಲಿ ಸ್ವಲ್ಪ ಒತ್ತಿದರೂ ದ್ರವವಾಗುತ್ತದೆ. ಜಲಜನಕವು ಮೈನಸ್ 240 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಎಷ್ಟೇ ಒತ್ತಿದರೂ ದ್ರವವಾಗದು. ಹಾಗಾಗಿ ಎರಡೇ ದಾರಿ ಉಳಿಯುತ್ತವೆ. ಅನಿಲವಾಗಿಯೇ ಅದನ್ನು ಅತಿಯಾಗಿ ಒತ್ತಬೇಕು, ಇಲ್ಲವೇ ಅತಿಯಾಗಿ ತಣಿಸಬೇಕು.

ಒತ್ತುವ ದಾರಿಯನ್ನು ಮೊದಲು ನೋಡೋಣ. ಜಲಜನಕದ ಕಾರುಗಳಲ್ಲಿ ಅನಿಲವನ್ನು ಗಾಳಿಯ ಒತ್ತಡದ 700 ಪಟ್ಟಿನಷ್ಟು ಒತ್ತಿ ಇಡುತ್ತಾರೆ. ಕಾರಿನ ಟೈರಿನಲ್ಲಿ ನಾವು ತುಂಬಿಸುವ ಒತ್ತಡ ಎರಡು ಪಟ್ಟಿನ ಆಸುಪಾಸು, ಹೋಲಿಸಿ ನೋಡಿ. ಒಳಗೆ ಪ್ಲಾಸ್ಟಿಕ್ಕಿನ ಪದರ, ಅದರ ಸುತ್ತ ಕಾರ್ಬನ್ ಫೈಬರ್ ಎಳೆಗಳನ್ನು ಬಿಗಿಯಾಗಿ ಸುತ್ತಿದ ದಪ್ಪ ಗೋಡೆ. ಇಷ್ಟೆಲ್ಲ ಮಾಡಿದ ಮೇಲೂ ತುಂಬಿದ ಸಿಲಿಂಡರ್ 100 ಕಿಲೋ ತೂಗಿದರೆ ಅದರೊಳಗಿನ ಜಲಜನಕ 5ರಿಂದ 6 ಕಿಲೋ ಮಾತ್ರ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲ ಮತ್ತು ಕಬ್ಬಿಣ ಹೆಚ್ಚುಕಡಿಮೆ ಸಮತೂಕದವು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ನಮ್ಮ ರಾಜ್ಯದ ಚಿಕ್ಕ ವಿಮಾನ ನಿಲ್ದಾಣಗಳಿಗೂ ಬಂದು ಹೋಗುವ ಎರಡು ಪಂಖಗಳ ಎಟಿಆರ್ 72 ವಿಮಾನವನ್ನು ತೆಗೆದುಕೊಳ್ಳಿ. ಅದರ ಟ್ಯಾಂಕಿನಲ್ಲಿ ಗರಿಷ್ಠ 5 ಟನ್ ಇಂಧನ ಹಿಡಿಸುತ್ತದೆ. ಅಷ್ಟೇ ಶಕ್ತಿಗೆ ಬೇಕಾದ ಜಲಜನಕ ಸುಮಾರು 1.8 ಟನ್. ಮೂರು ಟನ್‌ಗೂ ಹೆಚ್ಚು ಉಳಿತಾಯವೆಂದು ಸಂತೋಷಪಡುವ ಮೊದಲು ಸಿಲಿಂಡರುಗಳನ್ನು ತೂಗಿ ನೋಡಬೇಕು. 1.8 ಟನ್ ಜಲಜನಕಕ್ಕೆ ತುಂಬಿದ ಸಿಲಿಂಡರುಗಳ ಒಟ್ಟು ತೂಕ 30 ಟನ್ ದಾಟುತ್ತದೆ. ಪ್ರಯಾಣಿಕರು, ಸಾಮಾನು, ಇಂಧನ ಎಲ್ಲವೂ ಸೇರಿ ಆ ವಿಮಾನ ನೆಲ ಬಿಡಲು ಅನುಮತಿ ಇರುವ ಗರಿಷ್ಠ ತೂಕವೇ ಸುಮಾರು 23 ಟನ್! ಹತ್ತಿರದ ಊರಿಗೆ ಹೋಗಲು ಟ್ಯಾಂಕ್ ಪೂರ್ತಿ ತುಂಬಿಸುವುದಿಲ್ಲ ಎಂಬುದು ನಿಜ. ಇಂಧನಕೋಶವು ಎಂಜಿನ್ನಿಗಿಂತ ಮಿತವಾಗಿ ಖರ್ಚು ಮಾಡುತ್ತದೆ ಎಂಬುದೂ ನಿಜ. ಮೂರರಲ್ಲಿ ಒಂದು ಪಾಲು ಸಾಕೆಂದರೂ 10 ಟನ್ ಪಾತ್ರೆಯಾಯಿತು. ಪ್ರಯಾಣಿಕರು ಕೂರುವುದೆಲ್ಲಿ? ಹತ್ತಿಪ್ಪತ್ತು ಆಸನಗಳ ಸಣ್ಣ ವಿಮಾನ, ಸಣ್ಣ ದೂರ, ಇಷ್ಟಕ್ಕೆ ಮಾತ್ರ ಈ ದಾರಿ ಒದಗೀತು.

ಇನ್ನು ತಣಿಸುವ ದಾರಿ. ಚಳಿಗಾಲದ ಬೆಳಗಿನಲ್ಲಿ ಕಾಫಿಯನ್ನು ಬಿಸಿಯಾಗಿ ಕಾಯುವ ಥರ್ಮಾಸ್ ಫ್ಲಾಸ್ಕ್ ಮೂಲತಃ ಕಾಫಿಗಾಗಿ ಹುಟ್ಟಿದ್ದಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವಾರ್ ಎಂಬ ವಿಜ್ಞಾನಿ 1892ರಲ್ಲಿ ಅತಿಶೀತಲ ದ್ರವಗಳನ್ನು ಕಾಯ್ದಿಡಲು ಎರಡು ಗೋಡೆಗಳ ನಡುವೆ ನಿರ್ವಾತವಿರುವ ಈ ಪಾತ್ರೆಯನ್ನು ರೂಪಿಸಿದ. ಆರು ವರ್ಷಗಳ ತರುವಾಯ, 1898ರಲ್ಲಿ, ಅವನೇ ಜಲಜನಕವನ್ನು ಮೊತ್ತಮೊದಲು ದ್ರವವಾಗಿ ಪಾತ್ರೆಯಲ್ಲಿ ಹಿಡಿದ. ಅದರ ಕುದಿಬಿಂದು ಮೈನಸ್ 253 ಡಿಗ್ರಿ. ಇಂದಿಗೂ ದ್ರವ ಜಲಜನಕವನ್ನು ಇಡುವ ಉತ್ತಮ ಪಾತ್ರೆ ಡ್ಯೂವಾರನ ಫ್ಲಾಸ್ಕಿನ ದೊಡ್ಡ ರೂಪವೇ ಆಗಿದೆ.

ದ್ರವವಾದಾಗ ಒತ್ತಡದ ಕಾಟ ತಪ್ಪುತ್ತದೆ. ಗೋಡೆ ತೆಳ್ಳಗಿದ್ದರೂ ಸಾಕು, ಪಾತ್ರೆ ಹಗುರವಾಗುತ್ತದೆ. ಆದರೆ ಮೂರು ಹೊಸ ತೊಡಕುಗಳು ಬಂದು ಸೇರುತ್ತವೆ. ಒಂದು, ಜಾಗ: ಒಂದು ಲೀಟರ್ ದ್ರವ ಜಲಜನಕದ ತೂಕ 71 ಗ್ರಾಂ ಮಾತ್ರ. ಅಷ್ಟೇ ಶಕ್ತಿಗೆ ಸೀಮೆಎಣ್ಣೆಯ ನಾಲ್ಕು ಪಟ್ಟು ಜಾಗ ಬೇಕು. ಇನ್ನೊಂದು, ಆಕಾರ. ಇಂದಿನ ವಿಮಾನಗಳು ಸೀಮೆಎಣ್ಣೆಯನ್ನು ರೆಕ್ಕೆಗಳ ಒಳಗೆ ಹೊರುತ್ತವೆ. ರೆಕ್ಕೆ ಚಪ್ಪಟೆಯಾದುದು, ಚಪ್ಪಟೆ ಪಾತ್ರೆಗೆ ಹೊರಮೈ ಹೆಚ್ಚು, ಹೊರಮೈ ಹೆಚ್ಚಿದಷ್ಟೂ ಒಳಗೆ ನುಗ್ಗುವ ಶಾಖ ಹೆಚ್ಚು. ಶಾಖಕ್ಕೆ ಅತಿ ಕಡಿಮೆ ಅವಕಾಶ ಕೊಡುವ ಆಕಾರ ಗೋಳ, ಆ ಬಳಿಕ ದುಂಡು ಕೊಳವೆ. ಹಾಗಾಗಿ ಟ್ಯಾಂಕು ರೆಕ್ಕೆಯಿಂದ ಹೊರಟು ಪ್ರಯಾಣಿಕರ ಹಿಂಬದಿಗೆ ಬರಬೇಕಾಗುತ್ತದೆ, ವಿಮಾನದ ಒಡಲೇ ಬೇರೆಯಾಗಬೇಕಾಗುತ್ತದೆ. ಏರ್‌ಬಸ್ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಕೆಲವು ಚಿತ್ರಗಳಲ್ಲಿ ಟ್ಯಾಂಕುಗಳು ವಿಮಾನದ ಬಾಲದ ಕಡೆಗೆ ಇದ್ದದ್ದು ಇದೇ ಕಾರಣಕ್ಕೆ.

ಮೂರನೆಯದು ಆವಿ. ಎಂಥ ಫ್ಲಾಸ್ಕಿನಲ್ಲಿಟ್ಟರೂ ಕಾಫಿ ಕೊನೆಗೆ ಆರುತ್ತದೆ; ಹಾಗೆಯೇ ಎಂಥ ಟ್ಯಾಂಕಿನಲ್ಲಿಟ್ಟರೂ ದ್ರವ ಜಲಜನಕ ನಿಧಾನವಾಗಿ ಕುದಿಯುತ್ತಲೇ ಇರುತ್ತದೆ. ಹಾರಾಟದಲ್ಲಿ ಈ ಆವಿಯನ್ನು ಎಂಜಿನ್ನೇ ಕುಡಿಯುತ್ತದೆ, ತೊಂದರೆಯಿಲ್ಲ. ವಿಮಾನವು ರಾತ್ರಿಯಿಡೀ ನಿಂತಿದ್ದರೆ ಒತ್ತಡ ಏರುತ್ತದೆ, ಒಂದು ಹಂತದಲ್ಲಿ ಹೊರಬಿಡಲೇಬೇಕು. ಟ್ಯಾಂಕು ದೊಡ್ಡದಾದಷ್ಟೂ ಈ ನಷ್ಟದ ಪಾಲು ಇಳಿಯುತ್ತದೆ. ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ 1960ರ ದಶಕದಲ್ಲಿ ಕಟ್ಟಿದ ಗೋಳವು ಸುಮಾರು 32 ಲಕ್ಷ ಲೀಟರ್ ಹಿಡಿಯುತ್ತದೆ. ಅಂಥದ್ದರಲ್ಲಿ ಕಾಯುವುದು ಸುಲಭ. ವಿಮಾನದ ಟ್ಯಾಂಕಿಗೆ ಆ ಭಾಗ್ಯವಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಒಂದು ಸ್ವಾರಸ್ಯದ ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. ಜಲಜನಕದ ಅಣುಗಳಲ್ಲಿ ಆರ್ಥೋ ಮತ್ತು ಪ್ಯಾರಾ ಎಂದು ಎರಡು ಬಗೆ. ಸಾಧಾರಣ ಉಷ್ಣತೆಯಲ್ಲಿ ಮುಕ್ಕಾಲು ಪಾಲು ಆರ್ಥೋ, ಕಾಲು ಪಾಲು ಪ್ಯಾರಾ. ಅತಿಶೀತಲ ಸ್ಥಿತಿಯಲ್ಲಿ ಬಹುಮಟ್ಟಿಗೆ ಎಲ್ಲವೂ ಪ್ಯಾರಾ ಆಗಲು ಹವಣಿಸುತ್ತವೆ. ಈ ಬದಲಾವಣೆ ದಿನಗಟ್ಟಲೆ ಹಿಡಿಯುತ್ತದೆ ಮತ್ತು ಬದಲಾಗುವಾಗ ಶಾಖ ಬಿಡುತ್ತದೆ. ಆ ಶಾಖ ದ್ರವವನ್ನು ಆವಿ ಮಾಡಲು ಬೇಕಾದುದಕ್ಕಿಂತಲೂ ಹೆಚ್ಚು! ಅಂದರೆ ಆತುರದಲ್ಲಿ ದ್ರವೀಕರಿಸಿ ಮುಚ್ಚಿಟ್ಟರೆ ಹೊರಗಿನ ಶಾಖ ಒಂದಿಷ್ಟೂ ತಾಗದಿದ್ದರೂ ಅದು ತನ್ನ ಒಳಗಿನ ಶಾಖದಿಂದಲೇ ಕುದಿದು ಹೋಗುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ತಣಿಸುವಾಗಲೇ ಕಬ್ಬಿಣದ ಆಕ್ಸೈಡಿನಂಥ ವೇಗವರ್ಧಕದ ಮೇಲೆ ಹಾಯಿಸಿ ಈ ಪರಿವರ್ತನೆಯನ್ನು ಮುಗಿಸಿಬಿಡುತ್ತಾರೆ.

ಇದೆಲ್ಲ ಕಾಗದದ ಮೇಲಿನ ವಿಚಾರವಲ್ಲ. 1957ರ ಫೆಬ್ರವರಿಯಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸಂಶೋಧಕರು ಬಿ-57 ಎಂಬ ಬಾಂಬರ್ ವಿಮಾನದ ಒಂದು ರೆಕ್ಕೆಯ ತುದಿಗೆ ದ್ರವ ಜಲಜನಕದ ಸ್ಟೀಲ್ ಟ್ಯಾಂಕನ್ನೂ, ಮತ್ತೊಂದು ತುದಿಗೆ ಅದನ್ನು ತಳ್ಳಲು ಬೇಕಾದ ಹೀಲಿಯಂ ಅನಿಲವನ್ನೂ ಕಟ್ಟಿದರು. ಸೀಮೆಎಣ್ಣೆಯಿಂದ ಮೇಲೇರಿ, ಎತ್ತರದಲ್ಲಿ ಒಂದು ಎಂಜಿನ್ನನ್ನು ಜಲಜನಕಕ್ಕೆ ತಿರುಗಿಸಿ, ಸುಮಾರು ಇಪ್ಪತ್ತು ನಿಮಿಷ ಓಡಿಸಿದರು. 1988ರ ಏಪ್ರಿಲ್ 15ರಂದು ಸೋವಿಯತ್ ಒಕ್ಕೂಟದ ಟಿಯು-155 ವಿಮಾನ ಹಾರಿತು. ಅದರ ಮೂರು ಎಂಜಿನ್ನುಗಳಲ್ಲಿ ಒಂದು ಜಲಜನಕದಿಂದ ನಡೆಯಿತು. ಪ್ರಯಾಣಿಕರ ಕೋಣೆಯ ಹಿಂಭಾಗವನ್ನೇ ತೆರವು ಮಾಡಿ ಟ್ಯಾಂಕ್ ಇಟ್ಟು, ಆ ಕೋಣೆಯನ್ನು ಪ್ರತ್ಯೇಕಿಸಿ, ಸೋರಿದ ಅನಿಲ ನಿಲ್ಲದಂತೆ ನಿರಂತರವಾಗಿ ಗಾಳಿಯಾಡಿಸುವ ಏರ್ಪಾಡು ಮಾಡಿದ್ದರು. ಬಹುಬೇಗ ಆ ವಿಮಾನವನ್ನು ದ್ರವೀಕೃತ ನೈಸರ್ಗಿಕ ಅನಿಲದ ಪರೀಕ್ಷೆಗೆ ಬದಲಿಸಲಾಯಿತು.

ನಮ್ಮ ದೇಶಕ್ಕೂ ದ್ರವ ಜಲಜನಕ ಅಪರಿಚಿತವಲ್ಲ. ನಮ್ಮ ಇದೇ ಪಶ್ಚಿಮ ಘಟ್ಟಗಳ ದಕ್ಷಿಣದ ತುದಿಯಲ್ಲಿ, ತಮಿಳುನಾಡಿನ ಮಹೇಂದ್ರಗಿರಿಯಲ್ಲಿ, ಇಸ್ರೋ ಸಂಸ್ಥೆ ಕ್ರಯೋಜೆನಿಕ್ ಎಂಜಿನ್ನುಗಳನ್ನು ಪರೀಕ್ಷಿಸುತ್ತದೆ. 2014ರ ಜನವರಿ 5ರಂದು ಜಿಎಸ್‌ಎಲ್‌ವಿ-ಡಿ5 ರಾಕೆಟ್ಟು ಸ್ವದೇಶಿ ಕ್ರಯೋಜೆನಿಕ್ ಹಂತದೊಂದಿಗೆ ಯಶಸ್ವಿಯಾಗಿ ಹಾರಿತು. 'ರಾಕೆಟ್ಟಿನಲ್ಲಿ ಆದದ್ದು ವಿಮಾನದಲ್ಲಿ ಆಗದೇ?' ಎಂದು ಕೇಳುವವರಿದ್ದಾರೆ. ರಾಕೆಟ್ಟಿಗೆ ಇಂಧನ ತುಂಬಿಸುವುದು ಉಡಾವಣೆಗೆ ಮುನ್ನ, ಸುತ್ತ ಜನಸಂಚಾರವಿಲ್ಲದಂತೆ ಮಾಡಿ, ಪರಿಣತರ ಕೈಯಿಂದ, ಒಂದೇ ಸಲ. ಎಂಜಿನ್ ಉರಿಯುವುದು ಕೆಲವು ನಿಮಿಷ. ಬಳಿಕ ಟ್ಯಾಂಕು ಮರಳಿ ಬರುವುದಿಲ್ಲ. ವಿಮಾನದ ಟ್ಯಾಂಕು ದಿನಕ್ಕೆ ನಾಲ್ಕಾರು ಸಲ ತುಂಬಿ ಬರಿದಾಗಬೇಕು, ವರ್ಷಗಟ್ಟಲೆ ತಣಿದು ಬಿಸಿಯಾಗಬೇಕು, ಪಕ್ಕದಲ್ಲೇ ಮಕ್ಕಳು ಮರಿ ಹತ್ತಿಳಿಯುತ್ತಿರಬೇಕು. ರಾಕೆಟ್ಟಿನ ಪಾತ್ರೆ ವಿಮಾನಕ್ಕೆ ಹಾಗೆಯೇ ಒಗ್ಗದು.

ಈಗ ಅಪಾಯದ ಮಾತು. ಜಲಜನಕ ಎಂದೊಡನೆ ಅನೇಕರಿಗೆ ನೆನಪಾಗುವುದು 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಹೊತ್ತಿ ಉರಿದ ಹಿಂಡನ್‌ಬರ್ಗ್ ಎಂಬ ವಾಯುನೌಕೆ. ಅದರಲ್ಲಿದ್ದ 97 ಜನರಲ್ಲಿ 35 ಮಂದಿಯೂ ನೆಲದ ಮೇಲಿದ್ದ ಒಬ್ಬರೂ ತೀರಿಕೊಂಡರು. 62 ಜನ ಬದುಕುಳಿದರು ಎಂಬುದನ್ನು ಹೇಳುವವರು ಕಡಿಮೆ. ಅಲ್ಲಿ ಜಲಜನಕವು ಇಂಧನವಾಗಿರಲಿಲ್ಲ, ನೌಕೆಯನ್ನು ತೇಲಿಸುವ ಅನಿಲವಾಗಿತ್ತು. ಸುಮಾರು ಎರಡು ಲಕ್ಷ ಘನ ಮೀಟರ್ ಅನಿಲ ತೆಳು ಬಟ್ಟೆಯ ಚೀಲಗಳಲ್ಲಿತ್ತು. ಎಂಜಿನ್ನುಗಳು ಓಡುತ್ತಿದ್ದುದು ಡೀಸೆಲ್ಲಿನಿಂದ. ನನ್ನ ಅಭಿಪ್ರಾಯದಲ್ಲಿ ಹಿಂಡನ್‌ಬರ್ಗ್ ಘಟನೆಯನ್ನು ಮುಂದಿಟ್ಟು ಜಲಜನಕದ ವಿಮಾನವನ್ನು ತಳ್ಳಿಹಾಕುವುದು ಸರಿಯಲ್ಲ. ಚೆಲ್ಲಿದ ಸೀಮೆಎಣ್ಣೆ ನೆಲದ ಮೇಲೆ ಹರಡಿ ಬಹುಹೊತ್ತು ಉರಿಯುತ್ತದೆ. ಸೋರಿದ ಜಲಜನಕ ಬಯಲಿನಲ್ಲಿ ನೇರ ಮೇಲಕ್ಕೇರಿ ಚದುರುತ್ತದೆ.

ಹಾಗೆಂದು ಅದು ಸಾಧು ಎಂದು ಭಾವಿಸಬಾರದು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಅದು ಹೊತ್ತಿಕೊಳ್ಳಬಲ್ಲದು. ಉಣ್ಣೆಯ ಬಟ್ಟೆ ಕಳಚುವಾಗ ಸಿಡಿಯುವಂಥ ಕಿಡಿಯೂ ಅದಕ್ಕೆ ಸಾಕು. ಮುಚ್ಚಿದ ಕೋಣೆಯ ಮಾಡಿನಡಿ ಸೇರಿಕೊಂಡರೆ ಸ್ಫೋಟವಾಗುತ್ತದೆ. ಅದಕ್ಕೆ ವಾಸನೆಯಿಲ್ಲ. ಅಡುಗೆ ಅನಿಲಕ್ಕೂ ಸ್ವಂತ ವಾಸನೆ ಇಲ್ಲದಿರುವುದರಿಂದ, ಸೋರಿದಾಗ ನಮಗೆ ತಿಳಿಯಲೆಂದು ಮರ್ಕ್ಯಾಪ್ಟಾನ್ ಎಂಬ ದುರ್ನಾತದ ವಸ್ತುವನ್ನು ಬೆರೆಸುತ್ತಾರೆ. ದ್ರವ ಜಲಜನಕಕ್ಕೆ ಅದನ್ನು ಬೆರೆಸಿದರೆ ಆ ಚಳಿಯಲ್ಲಿ ಅದು ಹೆಪ್ಪುಗಟ್ಟುತ್ತದೆ. ಇಂಧನಕೋಶಕ್ಕೆ ಅದು ವಿಷ. ಜ್ವಾಲೆಯೂ ಹಗಲಿನಲ್ಲಿ ಹೆಚ್ಚುಕಡಿಮೆ ಅಗೋಚರ. ರಾಕೆಟ್ಟುಗಳ ಆರಂಭದ ಕಾಲದಲ್ಲಿ ನಾಸಾದ ಕೆಲಸಗಾರರು ಸೋರಿಕೆಯ ಅನುಮಾನವಿರುವಲ್ಲಿ ಉದ್ದ ಹಿಡಿಯ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರಂತೆ. ಕಸಬರಿಗೆ ಹೊತ್ತಿಕೊಂಡರೆ ಅಲ್ಲಿ ಬೆಂಕಿಯಿದೆಯೆಂದು ಅರ್ಥ!

ದ್ರವ ರೂಪದ ಚಳಿಗೆ ತನ್ನದೇ ಅಪಾಯಗಳಿವೆ. ಮೈನಸ್ 253 ಡಿಗ್ರಿಯ ಕೊಳವೆಗೆ ಸರಿಯಾದ ಹೊದಿಕೆ ಇಲ್ಲದಿದ್ದರೆ ಸುತ್ತಲಿನ ಗಾಳಿಯೇ ದ್ರವವಾಗಿ ತೊಟ್ಟಿಕ್ಕುತ್ತದೆ; ಆ ದ್ರವದಲ್ಲಿ ಆಮ್ಲಜನಕದ ಪಾಲು ಹೆಚ್ಚು, ಅದು ಬಿದ್ದಲ್ಲಿ ಡಾಂಬರು, ಎಣ್ಣೆ, ಬಟ್ಟೆ ಯಾವುದಾದರೂ ರಭಸದಿಂದ ಉರಿಯಬಹುದು. ಜಲಜನಕದ ಅಣುವೋ ಎಲ್ಲಕ್ಕಿಂತ ಚಿಕ್ಕದು. ಸಂದು ಸಿಕ್ಕಲ್ಲಿ ನುಸುಳುತ್ತದೆ, ಕೆಲವು ಬಗೆಯ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಅರ್ಧ ಶತಮಾನಕ್ಕೂ ಮೀರಿದ ಅನುಭವವಿರುವ ನಾಸಾ ಸಂಸ್ಥೆಯೇ 2022ರ ಸೆಪ್ಟೆಂಬರ್ 3ರಂದು ಆರ್ಟೆಮಿಸ್-1 ಉಡಾವಣೆಯನ್ನು ತುಂಬುವ ಕೊಳವೆಯ ಜೋಡಣೆಯಲ್ಲಿ ಜಲಜನಕ ಸೋರಿದ್ದರಿಂದ ಕೈಬಿಡಬೇಕಾಯಿತು. ರಾಕೆಟ್ಟು ಕೊನೆಗೆ ಹಾರಿದ್ದು ನವೆಂಬರ್ 16ರಂದು. ವಿಮಾನ ನಿಲ್ದಾಣದ ವೇಳಾಪಟ್ಟಿ ಅಂಥ ತಾಳ್ಮೆಯನ್ನು ಸಹಿಸೀತೇ?

ಸುರಕ್ಷತೆಗೆ ಎಂಜಿನಿಯರುಗಳು ಕಂಡುಕೊಂಡ ಸೂತ್ರ ಸರಳವಾದುದು: ಅದನ್ನು ಎಲ್ಲಿಯೂ ಸೆರೆಯಿಡಬೇಡಿ, ಸೋರಿದರೆ ಮೇಲಕ್ಕೆ ಹೋಗಲು ದಾರಿ ಬಿಡಿ. ಇಲ್ಲಿಯೇ ನನಗೆ ಒಂದು ಇಕ್ಕಟ್ಟು ಕಾಣುತ್ತದೆ. ಮನುಷ್ಯರ ರಕ್ಷಣೆಗೆ ಹೊರಬಿಡುವುದು ಒಳ್ಳೆಯದು. ವಾತಾವರಣಕ್ಕೆ ಅಷ್ಟು ಒಳ್ಳೆಯದಲ್ಲ. ಜಲಜನಕ ತಾನಾಗಿ ಶಾಖವನ್ನು ಹಿಡಿದಿಡುವುದಿಲ್ಲ. ಆದರೆ ಗಾಳಿಯಲ್ಲಿ ಮೀಥೇನನ್ನು ಕರಗಿಸುವ ಹೈಡ್ರಾಕ್ಸಿಲ್ ಎಂಬ ಕಣಗಳನ್ನು ಅದು ಕಬಳಿಸುತ್ತದೆ. ಮೀಥೇನಿನ ಆಯುಸ್ಸು ಹೆಚ್ಚುತ್ತದೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಜಲಜನಕದ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡಿನ 11ರಿಂದ 12 ಪಟ್ಟು. ಪ್ರತಿ ರಾತ್ರಿ ಪ್ರತಿ ನಿಲ್ದಾಣದಲ್ಲಿ ಆವಿಯನ್ನು ಹೊರಬಿಡುವ ಪದ್ಧತಿ ಬೇರೂರಿದರೆ ಶುದ್ಧ ಇಂಧನವೆಂಬ ಹೆಸರಿಗೆ ಅಷ್ಟು ಮಟ್ಟಿಗೆ ಕುಂದು. ಆ ಆವಿಯನ್ನು ಹಿಡಿದು ಮತ್ತೆ ಬಳಸುವ ಏರ್ಪಾಡೂ ಪಾತ್ರೆಯ ಖರ್ಚಿಗೇ ಸೇರಬೇಕು.

ಇತ್ತೀಚಿನ ವರ್ಷಗಳ ಪ್ರಯೋಗಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. 2023ರ ಜನವರಿ 19ರಂದು ಇಂಗ್ಲೆಂಡಿನಲ್ಲಿ ಝೀರೋಏವಿಯಾ ಎಂಬ ಕಂಪನಿ 19 ಆಸನಗಳ ಡಾರ್ನಿಯರ್ 228 ವಿಮಾನದ ಒಂದು ಬದಿಯ ಎಂಜಿನ್ನನ್ನು ಜಲಜನಕದ ಇಂಧನಕೋಶದಿಂದ ನಡೆಸಿತು. ಇದೇ ಮಾದರಿಯ ವಿಮಾನವನ್ನು ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತದೆ. ಅದೇ ಮಾರ್ಚಿನಲ್ಲಿ ಅಮೆರಿಕದ ಯೂನಿವರ್ಸಲ್ ಹೈಡ್ರೋಜನ್ ಕಂಪನಿ ಇನ್ನೂ ದೊಡ್ಡ ವಿಮಾನವನ್ನು ಹಾರಿಸಿತು. ತುಂಬಿದ ಸಿಲಿಂಡರು ತಂದು ಖಾಲಿಯದನ್ನು ಒಯ್ಯುವ ನಮ್ಮ ಅಡುಗೆ ಅನಿಲದ ಪದ್ಧತಿಯಂತೆ ಟ್ಯಾಂಕನ್ನೇ ಬದಲಾಯಿಸುವ ಯೋಜನೆ ಅವರದಾಗಿತ್ತು. ಹಣ ಸಾಲದೆ 2024ರಲ್ಲಿ ಆ ಕಂಪನಿ ಮುಚ್ಚಿತು. ಜರ್ಮನಿಯ ಎಚ್2ಫ್ಲೈ 2023ರ ಸೆಪ್ಟೆಂಬರಿನಲ್ಲಿ, ದ್ರವ ಜಲಜನಕ ತುಂಬಿದ ಸಣ್ಣ ವಿಮಾನವನ್ನು ಪೈಲಟ್ ಸಹಿತ ಮೂರು ಗಂಟೆಗೂ ಮೀರಿ ಹಾರಿಸಿದ್ದಾಗಿ ಪ್ರಕಟಿಸಿತು. ಅನಿಲದಿಂದ ದ್ರವಕ್ಕೆ ಬದಲಿಸಿದ್ದರಿಂದ 750 ಕಿಲೋಮೀಟರ್ ಹೋಗಬಲ್ಲದ್ದು 1,500 ಹೋಗಬಲ್ಲದೆಂದು ಹೇಳಿಕೊಂಡಿತು. 2035ಕ್ಕೆ ಪ್ರಯಾಣಿಕ ವಿಮಾನ ಕೊಡುವೆವೆಂದಿದ್ದ ಏರ್‌ಬಸ್ 2025ರಲ್ಲಿ ಆ ಗಡುವನ್ನು ಮುಂದೂಡಿತು.

ಪಾತ್ರೆಗಳಲ್ಲಿ ಇನ್ನೂ ಕೆಲವು ಬಗೆಗಳಿವೆ. ಕೆಲವು ಲೋಹಗಳು ಸ್ಪಂಜಿನಂತೆ ಜಲಜನಕವನ್ನು ಹೀರಿಕೊಳ್ಳುತ್ತವೆ. ಬಹು ಸುರಕ್ಷಿತ, ಬಹು ಭಾರ. ಭಾರದ ಚಿಂತೆಯಿಲ್ಲದ ಜರ್ಮನ್ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿವೆ. ಆದರೆ ಜಲಜನಕವನ್ನು ಹಿಡಿದಿಡುವುದರಲ್ಲಿ ಎಲ್ಲಕ್ಕಿಂತ ಜಾಣ ವಸ್ತು ಯಾವುದು ಗೊತ್ತೇ? ಇಂಗಾಲ. ಒಂದು ಲೀಟರ್ ದ್ರವ ಜಲಜನಕದಲ್ಲಿರುವ ಜಲಜನಕ 71 ಗ್ರಾಂ. ಒಂದು ಲೀಟರ್ ಸೀಮೆಎಣ್ಣೆಯೊಳಗೆ ಇಂಗಾಲದೊಂದಿಗೆ ಬೆಸೆದುಕೊಂಡಿರುವ ಜಲಜನಕ ಸುಮಾರು 110 ಗ್ರಾಂ! ಅದಕ್ಕೆ ಒತ್ತಡ ಬೇಡ, ಚಳಿ ಬೇಡ, ತಗಡಿನ ಡಬ್ಬಿ ಸಾಕು. ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಶುದ್ಧ ಜಲಜನಕದೊಂದಿಗೆ ಕೂಡಿಸಿ ಸೀಮೆಎಣ್ಣೆಯನ್ನು ಕೃತಕವಾಗಿ ತಯಾರಿಸುವ ಪ್ರಯತ್ನಗಳ ಹಿಂದಿನ ತರ್ಕ ಇದೇ. ಅದರಲ್ಲಿ ವಿದ್ಯುತ್ತಿನ ನಷ್ಟ ಇನ್ನೂ ಹೆಚ್ಚು. ಆದರೂ ಖಂಡಾಂತರ ಹಾರುವ ದೊಡ್ಡ ವಿಮಾನಗಳಿಗೆ ಬಹುಕಾಲ ಈ ದಾರಿಯೇ ಹೆಚ್ಚು ಸಾಧ್ಯವೆಂದು ನನಗೆ ತೋರುತ್ತದೆ.

ಗುಡ್ಡಗಾಡಿನವರಾದ ನಮಗೂ ಇದಕ್ಕೂ ಸಂಬಂಧ ಬರುವುದು ವಿದ್ಯುತ್ತಿನ ಮೂಲಕ. ನೀರಿನಿಂದ ಒಂದು ಕಿಲೋ ಜಲಜನಕ ಪಡೆಯಲು 50 ಯೂನಿಟ್ಟಿಗೆ ಕಡಿಮೆಯಿಲ್ಲದಷ್ಟು ವಿದ್ಯುತ್ ಬೇಕು. ದ್ರವವಾಗಿಸಲು ಮತ್ತೆ 10ಕ್ಕೂ ಹೆಚ್ಚು. ಸಿಗುವ ಶಕ್ತಿ 33 ಯೂನಿಟ್. ಮಿತವಾಗಿ ದೀಪ, ಫ್ಯಾನು, ಮಿಕ್ಸಿ ನಡೆಸುವ ಮನೆಯೊಂದಕ್ಕೆ ತಿಂಗಳಿಗೆ 60 ಯೂನಿಟ್ ಸಾಕೆಂದಿಟ್ಟುಕೊಂಡರೆ, ಒಂದು ಕಿಲೋ ಜಲಜನಕಕ್ಕೆ ಒಂದು ಮನೆಯ ಒಂದು ತಿಂಗಳ ವಿದ್ಯುತ್. ಮೊದಲು ಹೇಳಿದ ಎಟಿಆರ್ ವಿಮಾನದ ಟ್ಯಾಂಕು ಒಮ್ಮೆ ತುಂಬಲು 1,800 ಮನೆಗಳ ಒಂದು ತಿಂಗಳು. ನೀರಿನ ಲೆಕ್ಕ ಇಷ್ಟು ಭಯಂಕರವಲ್ಲ. ಕಿಲೋಗೆ 9 ಲೀಟರ್, ಶುದ್ಧೀಕರಣ ಮತ್ತು ತಂಪಿಗೆ ಇನ್ನಷ್ಟು. ಭಾರತ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಹಸಿರು ಜಲಜನಕ ಯೋಜನೆಯ ಗುರಿ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್. ಅದಕ್ಕಾಗಿ ಸುಮಾರು 125 ಗಿಗಾವ್ಯಾಟ್ ಹೊಸ ವಿದ್ಯುತ್ ಸಾಮರ್ಥ್ಯ ಬೇಕೆಂದು ಯೋಜನೆಯೇ ಹೇಳುತ್ತದೆ. ರಸಗೊಬ್ಬರ, ಉಕ್ಕು ಮೊದಲಾದವುಗಳಿಗೆ ಇದರ ಅಗತ್ಯವಿದೆ, ಅದನ್ನು ನಾನು ವಿರೋಧಿಸುವುದಿಲ್ಲ. ಒಂದು ಗಂಟೆಯ ವಿಮಾನಯಾನಕ್ಕೆ ಅದೇ ವಿದ್ಯುತ್ತನ್ನು ಸುರಿಯುವ ಮೊದಲು, ತಂತಿಯಿಂದ ನೇರವಾಗಿ ವಿದ್ಯುತ್ ಪಡೆಯುವ ರೈಲನ್ನು ನೆನೆಯಬೇಕು. ರೈಲಿಗೆ ಪಾತ್ರೆಯೇ ಬೇಡ.

ಕೊನೆಯದಾಗಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ವಿಷಯ. ಅಲ್ಲಿನ ಜನವಸತಿ ವಿರಳ. ಗಾಳಿ ಮತ್ತು ಸಮುದ್ರದ ಭರತದಿಂದ ತಮ್ಮ ಬಳಕೆಗೆ ಮೀರಿದ ವಿದ್ಯುತ್ತನ್ನು ಅವರು ಉತ್ಪಾದಿಸುತ್ತಾರೆ, ಹೊರಗೆ ಸಾಗಿಸಲು ತಂತಿಗಳ ಸಾಮರ್ಥ್ಯ ಸಾಲದಾಗಿತ್ತು. ಹೆಚ್ಚುವರಿ ವಿದ್ಯುತ್ತಿನಿಂದ ಈಡೇ ಎಂಬ ಸಣ್ಣ ದ್ವೀಪದಲ್ಲಿ ಜಲಜನಕ ತಯಾರಿಸಿದರು. 2022ರ ನವೆಂಬರಿನಲ್ಲಿ ದಕ್ಷಿಣ ಇಂಗ್ಲೆಂಡಿನ ಬಾಸ್ಕಂಬ್ ಡೌನ್‌ನಲ್ಲಿ ರೋಲ್ಸ್‌ರಾಯ್ಸ್ ಸಂಸ್ಥೆ ವಿಮಾನದ ಎಂಜಿನ್ನೊಂದನ್ನು ನೆಲದ ಮೇಲೆ ನಡೆಸಿ ನೋಡಿದ್ದು ಆ ಜಲಜನಕದಿಂದಲೇ. ಎಂಜಿನ್ ಚೆನ್ನಾಗಿಯೇ ನಡೆಯಿತು. ದ್ವೀಪದಿಂದ ಆ ಎಂಜಿನ್ನಿನವರೆಗೆ ಅಷ್ಟು ದೂರ ಅನಿಲ ಬಂದದ್ದು ಭಾರವಾದ ಪಾತ್ರೆಗಳಲ್ಲಿ, ಸಮುದ್ರ ದಾಟಿ.

ವಿದ್ಯಾರ್ಥಿಗಳು ಎಟಿಆರ್ ವಿಮಾನದ ಲೆಕ್ಕವನ್ನು ದ್ರವ ಜಲಜನಕಕ್ಕೂ ಮಾಡಿ ನೋಡಿ. ಎಷ್ಟು ಘನ ಮೀಟರ್ ಟ್ಯಾಂಕು ಬೇಕೆಂಬುದು ತಿಳಿಯುತ್ತದೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.